ಸೂತಕದ ಮನೆಯಲ್ಲಿ ಆಡಿಟ್

1944ನೆಯ ಇಸವಿ, ಮಹಾಯುದ್ಧದ ಕಾಲ. ಕೃಷ್ಣಗಿರಿಯ ಒಬ್ಬ ಆಡಿಟರ ಕೈಕೆಳಗೆ ನಾನು ಆರ್ಟಿಕಲ್ಡ್ ಕ್ಲರ್ಕ್ ಆಗಿದ್ದೆ. ಎಂದರೆ, ಸಂಬಳವಿಲ್ಲದೆ ಕೆಲಸ ಕಲಿಯುತ್ತ ರಿಜಿಸ್ಟರ್ಡ್ ಅಕೌಂಟೆಂಟ್ ಪರೀಕ್ಷೆಗೆ ಓದುವವನು. ಹಿಂದಿನ ಸಲ ಆಡಿಟಿಂಗ್ ಪೇಪರಿನಲ್ಲಿ ಡುಮ್ಕಿ ಹೊಡೆದಿದ್ದೆ. ನಮ್ಮೂರು ಸಾನಮಾವಿನಲ್ಲಿ ಬೇಸಾಯ ಮಾಡಿಕೊಂಡಿದ್ದ ಅಪ್ಪ, "ಈ ಸಲಾನೂ ಆಗ್ಲಿಲ್ಲ ಅಂದ್ರೆ ಸುಮ್ಕೆ ಬಂದು ನೇಗ್ಲು ಹಿಡ್ಕೊಳ್ಲಾ" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಅಪ್ಪ ಆಡಿದ ಮಾತಿಗೆ ತಪ್ಪುವವರಲ್ಲ.

ಮದ್ರಾಸಿನ ಪರೀಕ್ಷೆಗೆ ಹತ್ತು ದಿನ ಉಳಿದಿದ್ದಾಗ ಆಡಿಟರು ನನ್ನನ್ನು ಸೂಳಗಿರಿಗೆ ಅಟ್ಟಿದರು. ಅಲ್ಲಿನ ಹುಣಸೆಹಣ್ಣಿನ ವ್ಯಾಪಾರಿ ತಿಮ್ಮರಾಯಪ್ಪನವರ ಲೆಕ್ಕವನ್ನು ಇನ್‌ಕಮ್ ಟ್ಯಾಕ್ಸ್ ಕಚೇರಿಗೆ ಒಪ್ಪಿಸಬೇಕಿತ್ತು. ಅದನ್ನು ಮುಗಿಸದೆ ಮದ್ರಾಸಿನ ಹೆಸರೆತ್ತಬೇಡ ಎಂದರು ಆಡಿಟರು. ಎರಡು ದಿನದ ಕೆಲಸ, ಅದೇನು ಮಹಾ ಎಂದುಕೊಂಡು ಪೆಟ್ರೋಲಿಲ್ಲದ ಆ ದಿನಗಳ ಇದ್ದಿಲು ಗ್ಯಾಸಿನ ಬಸ್ಸು ಹತ್ತಿದೆ.

ನಾನು ಹೋಗಿ ಇಳಿದ ಮಾರನೆಯ ಬೆಳಿಗ್ಗೆಯೇ ತಿಮ್ಮರಾಯಪ್ಪನವರ ತಾಯಿ ತೀರಿಕೊಂಡರು. ಆ ಮನೆಯಲ್ಲಿ ಲೆಕ್ಕದ ಪುಸ್ತಕಗಳ ಪೆಟ್ಟಿಗೆ ಇರುತ್ತಿದ್ದುದು ದೇವರ ಕೋಣೆಯಲ್ಲಿ. ಸೂತಕ ಬಂತೆಂದರೆ ಹನ್ನೊಂದು ದಿನ ಮನೆಯವರು ಯಾರೂ ಅತ್ತ ಸುಳಿಯುವಂತಿಲ್ಲ. ಅಷ್ಟರಲ್ಲಿ ಪರೀಕ್ಷೆ ಶುರುವಾಗಿರುತ್ತಿತ್ತು. ಅಯ್ಯೋ ದೇವರೇ, ಈ ಮುದುಕಿ ಇನ್ನೊಂದು ವಾರ ತಡೆಯಬಾರದಿತ್ತೇ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ತಾಯಿಯನ್ನು ಕಳೆದುಕೊಂಡವರ ಮುಂದೆ ನಿಂತು ಪುಸ್ತಕ ಕೊಡಿ ಎನ್ನಲು ಬಾಯಿ ಬರಲಿಲ್ಲ. ಜಗಲಿಯ ಮೇಲೆ ಆಡಿಟಿಂಗ್ ಪಠ್ಯ ಹಿಡಿದು ಕೂತೆ. ಒಂದಕ್ಷರವೂ ತಲೆಗೆ ಹತ್ತಲಿಲ್ಲ.

ಮೂರನೆಯ ದಿನ ಹಾಲುತುಪ್ಪ ಬಿಟ್ಟು ಬಂದ ತಿಮ್ಮರಾಯಪ್ಪನವರು, "ಯಾಕಪ್ಪಾ, ಇನ್ನೂ ಇಲ್ಲೇ ಕುಂತಿದ್ದೀಯ?" ಎಂದರು. ತಡವರಿಸುತ್ತ ಎಲ್ಲ ಹೇಳಿದೆ.

"ಅವ್ವ ಹೋಗಿದ್ದಾಯ್ತು. ನಿನ್ ವರ್ಸ ಯಾಕ್ಲಾ ಹೋಗ್ಬೇಕು? ನಿಂಗೇನ್ ಸೂತ್ಕ ಇಲ್ವಲ್ಲ. ನೀರ್ ಹುಯ್ಕೊಂಡು ನೀನೇ ಒಳೀಕೋಗಿ ಪೆಟ್ಗೆ ತಕ್ಕೊ."

ಅವರ ಅಕ್ಕ ಒಳಗಿನಿಂದಲೇ ಸಿಡಿದರು: "ಥೂ, ನಿನ್ ಬುದ್ಧಿಗಿಷ್ಟು! ಮಣ್ ಮಾಡಿ ಮೂರ್ ದಿನ ಆಗಿಲ್ಲ, ಆಗ್ಲೇ ಲೆಕ್ಕ ಬೇಕಾಯ್ತಾ?"

"ನಂಗಲ್ಲ ಕಣಕ್ಕ, ಈ ಹುಡ್ಗಂಗೆ" ಎಂದು ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ನೀರು ಹುಯ್ದುಕೊಂಡು ಪೆಟ್ಟಿಗೆ ಹೊರಗೆ ತಂದೆ. ಒಳಗೆ ಹೆಂಗಸರ ಅಳು, ಜಗಲಿಯಲ್ಲಿ ನನ್ನ ಕೂಡುವುದು ಕಳೆಯುವುದು. ಮಾರನೆಯ ಮಧ್ಯಾಹ್ನ ಅಂಗಡಿಯ ಖರ್ಚಿನಲ್ಲಿ ಒಂದು ಸಾಲು ಕಂಡಿತು: ಕೃಷ್ಣಗಿರಿ ಡಾಕ್ಟರಿಗೆ ಮೂವತ್ತು ರೂಪಾಯಿ. ಅಂಗಡಿಯ ಆಳಿಗೆ ಔಷಧಿ ಕೊಡಿಸಿದ್ದರೆ ಅದು ವ್ಯಾಪಾರದ ಖರ್ಚು. ಮನೆಯವರಿಗಾದರೆ ಡ್ರಾಯಿಂಗ್ಸ್, ಅಂದರೆ ಯಜಮಾನ ತನ್ನ ಸ್ವಂತಕ್ಕೆ ತೆಗೆದುಕೊಂಡ ಹಣ. ಅದನ್ನು ಅವನ ಬಂಡವಾಳದಿಂದ ಕಳೆಯಬೇಕು. ಯಾರಿಗೆಂದು ನಾನು ಊಹಿಸಬಲ್ಲವನಾಗಿದ್ದೆ. ಆದರೆ ಆಡಿಟಿನಲ್ಲಿ ಊಹೆಯ ಮೇಲೆ ಬರೆಯುವಂತಿಲ್ಲ, ಕೇಳಲೇಬೇಕು. ತಿಮ್ಮರಾಯಪ್ಪನವರನ್ನೇ ಕೇಳಿದೆ:

"ಗೌಡ್ರೇ, ಈ ಡಾಕ್ಟ್ರು ಬಂದಿದ್ದು ಅಂಗ್ಡಿ ಆಳಿಗಾ, ಮನೆಯೋರ್ಗಾ?"

"ಅವ್ವಂಗೆ" ಎಂದರು. "ಅಪ್ಪ ಸತ್ ಮ್ಯಾಲೆ ಊರೂರು ಹುಣ್ಸೆಹಣ್ ಹೊತ್ತು ಮಾರಿ ಈ ಅಂಗ್ಡಿ ಮಾಡ್ದೋಳೇ ಅವ್ಳು ಕಣಪ್ಪಾ. ಮನೆ ಯಾವ್ದು, ಅಂಗ್ಡಿ ಯಾವ್ದು ಅಂತ ಒಂದ್ ದಿನಾನೂ ಬ್ಯಾರೆ ಮಾಡ್ಲಿಲ್ಲ. ನೀನು ಮಾಡ್ಬೇಕಲ್ಲ, ಮಾಡ್ಕೊ" ಎಂದವರೇ ಗೋಡೆಗೆ ತಲೆ ಆನಿಸಿ ಬಿಕ್ಕಿ ಬಿಕ್ಕಿ ಅತ್ತರು. ಮಣ್ಣು ಮಾಡಿದ ದಿನವೂ ಅವರು ಹಾಗೆ ಅತ್ತಿರಲಿಲ್ಲ.

ನಾನು ಡ್ರಾಯಿಂಗ್ಸ್ ಎಂದೇ ಬರೆದೆ. ಮದ್ರಾಸಿಗೆ ಹೋದೆ, ಪಾಸಾದೆ; ನೇಗಿಲು ಹಿಡಿಯುವುದು ತಪ್ಪಿತು.

ನಿಯಮದಲ್ಲಿ ತಪ್ಪಿರಲಿಲ್ಲ. ಮುಂದೆಯೂ ಎಷ್ಟೋ ಜನರಿಗೆ ಅದೇ ಪ್ರಶ್ನೆ ಹಾಕಿದ್ದೇನೆ, ಹಾಗೆಯೇ ಬರೆದಿದ್ದೇನೆ. ಆದರೆ ನಿವೃತ್ತನಾಗುವವರೆಗೂ ಯಾವ ಅಂಗಡಿಗೆ ಹೋದರೂ ಪುಸ್ತಕ ಬಿಚ್ಚುವ ಮೊದಲು, "ಮನೇಲಿ ಎಲ್ಲಾ ಚೆನ್ನಾಗಿದ್ದಾರಾ?" ಎಂದು ಕೇಳುತ್ತಿದ್ದೆ. ನನ್ನ ಕೈಕೆಳಗಿನವರು ಅದನ್ನು ಬಾಯುಪಚಾರ ಎಂದುಕೊಂಡಿದ್ದರು. ಉತ್ತರ ಬರುವವರೆಗೂ ನಾನು ಪುಸ್ತಕ ಮುಟ್ಟುತ್ತಿರಲಿಲ್ಲ.