ಮಣ್ಣೂರಿಗೆ ಬರದ ಕಾಗದ

ನಿಮ್ಮ ಅತ್ತಿ ಮ್ಯಾಲಿನ ದೂರು ಅತ್ತಿ ಮಗನ ಕೈಲೇ ಬರಸೀರೇನ್ರಿ ಯಾವಾಗರ? ನಾ ನಾಕ ವರ್ಷ ಬರಸಾಕ ನೋಡೇನಿ. ಗಂಡ ಪೆನ್ನ ಹಿಡದು ಕುಂತ ಅಂದ್ರ, "ಎಲ್ಲಾರೂ ಆರಾಮ ಅದೀವಿ ಅಂತ ಬರೀರಿ" ಅಂದು ಬಾಯಿ ಮುಚ್ಚೇನಿ.

ಕಣ್ಣ ಹೋದ ಮ್ಯಾಲ ಜೇವರ್ಗಿಯ ಗಂಡನ ಮನ್ಯಾಗ ನನಗ ಉಣ್ಣಾಕ ಉಡಾಕ ಕಮ್ಮಿ ಇರಲಿಲ್ಲ. ಒಂದೇ ಸಂಕಟ, ಅತ್ತಿ ಒಲಿ ಹಂತ್ಯಾಕ ಬಿಡ್ತಿರಲಿಲ್ಲ. "ಸುಮ್ಕ ಕುಂಡ್ರು ಬೇ, ಕೈ ಸುಟ್ಗೊಂಡಿ." ಸಣ್ಣಾಕಿ ಇದ್ದಾಗಿಂದ ರೊಟ್ಟಿ ಬಡದ ಕೈ ತೊಡಿ ಮ್ಯಾಲ ಖಾಲಿ ಬಿದ್ದಿರ್ತಿತ್ತು. ಇದನ್ನ ಮಣ್ಣೂರಾಗಿದ್ದ ನಮ್ಮವ್ವಗ ಹೇಳ್ಕೋಬೇಕಿತ್ತು, ನಡುವ ಯಾರೂ ಇರಲಾರದ.

ಅಷ್ಟರಾಗ ಊರಾಗ ಕಣ್ಣಿಲ್ಲದವರಿಗಂತ ಒಂದು ಕ್ಲಾಸ್ ಚಾಲೂ ಆತು. ಬೆರಳಿಲೆ ಮುಟ್ಟಿ ಓದೂ ಬ್ರೈಲ್ ಚುಕ್ಕಿ ಅಕ್ಷರ ಕಲ್ತೆ. ದಪ್ಪ ಹಾಳಿಗೆ ಮೊಳಿಯಂಥ ಕಡ್ಡಿಲೆ ಚುಚ್ಚಿ ಚುಚ್ಚಿ ಅವ್ವಗ ಎರಡ ಹಾಳಿ ಬರದೆ. ಮನ್ಯಾಗ ಯಾರಿಗೂ ಓದಾಕ ಬರಂಗಿಲ್ಲಂತ ಖುಷಿಯೋ ಖುಷಿ. ಮಣ್ಣೂರಾಗೂ ಯಾರಿಗೂ ಬರಂಗಿಲ್ಲ ಅನ್ನೂದು ಟಪಾಲಿಗೆ ಹಾಕಿದ ಮ್ಯಾಲ ಹೊಳೀತು. ಹಾಳಿಗೆ ಹುಳ ಬಿದ್ದಾವಂತ ಅವ್ವ ಅದನ್ನ ಬಿಸಲಿಗೆ ಒಣಗ ಹಾಕಿದ್ದಳಂತ!

ತೊಂಬತ್ತರ ದಶಕ ಮುಗಿಯೂ ಹೊತ್ತಿಗೆ ಕ್ಲಾಸಿಗೆ ಮಾತಾಡೂ ಕಂಪ್ಯೂಟರ್ ಬಂತು. ಎಫ್, ಜೆ ಗುಂಡಿ ಮ್ಯಾಲ ಸಣ್ಣ ಗೀಟ ಉಬ್ಬಿರ್ತಾವಲ್ಲ, ಚುಕ್ಕಿ ರೂಢಿ ಆದ ಬೆರಳಿಗೆ ಅವು ಲಗೂನ ಸಿಕ್ವು. ಈಗ ನಾ ಒತ್ತಾಕತ್ತಿರೂ ಫೋನ್ ಕನ್ನಡ ಮಾತಾಡ್ತದ, ಆಗಿಂದಕ್ಕ ಬರ್ತಿರಲಿಲ್ಲ. ಇಂಗ್ಲೀಷ ಅಕ್ಷರದಾಗ ಕನ್ನಡ ಹೊಡದ್ರ ಬಿಳೇ ಸಾಹೇಬನ ಗತೆ ಒದರ್ತಿತ್ತು. ಒದರಲಿ, ಪ್ರಿಂಟ್ ಆದ್ರ ನನ್ನ ತಮ್ಮ ಅವ್ವಗ ಓದಿ ಹೇಳ್ತಾನಂತ ಮನಸಿನ್ಯಾಗಿಂದೆಲ್ಲಾ ಹೊಡದೆ.

ದಿನಾ ನನ್ನ ಕೈ ಹಿಡದು ಕರ್ಕೊಂಡ ಬರಾಕಿ ಅತ್ತಿನೇ. ಕ್ಲಾಸ್ ಮುಗಿಯೂ ತನಕ ಬಾಗಲದಾಗ ಕುಂಡ್ರತಿದ್ದಳು. ಕಂಪ್ಯೂಟರಿನ ಇಂಗ್ಲೀಷ ಬಾಯಿ ಆಕಿಗೇನ ತಿಳೀತದಂತ, ತಪ್ಪ ನೋಡಾಕ ಪೂರಾ ಓದಸೂ ಗುಂಡಿ ಒತ್ತಿದೆ.

"ಅಟ್ಟೀ ರಾಟೀ ಬಡಿಯಾಕಾ ಬಿಡಾಂಗಿಲ್ಲಾ," ಅಂತು. ಮುಂದಿನ ಸಾಲಿನ್ಯಾಗೂ ಅಟ್ಟೀ. ಅದರ ಮುಂದಿಂದ್ರಾಗೂ ಅಟ್ಟೀ. ನಿಂದ್ರಸೂ ಗುಂಡಿ ಹುಡಕಾಕ ಹೋಗಿ ಮತ್ತ ಮೊದಲಿಂದ ಓದಸಿದೆ.

ಬಾಗಲ ಕಡೆ ಬಳಿ ಸಪ್ಪಳಾತು. ಅತ್ತಿ ನನ್ನ ಹಿಂದ ಬಂದು ನಿಂತಳು.

"ಅದು ಮಾಸ್ತರ್ ಕೊಟ್ಟ ಪಾಠರಿ ಅತ್ತಿ..." ಅಂದೆ.

"ನಾಳಿಂದ ರೊಟ್ಟಿ ನೀನೇ ಬಡಿ ಬೇ. ಕರಕಲಾದ್ರ, ಅದನ್ನೂ ನಿಮ್ಮವ್ವಗ ಬರಿ."