ಜಗದೇವಿಯ ದನಿ ನನ್ನ ಬಳಿಯೇ ಇದೆ

ನಾನು ಸುಳ್ಳು ಹೇಳಿದೆ, ಸುಜಾತಾ. ನಿಮ್ಮವ್ವನ ದನಿ ಎಲ್ಲೂ ಹೋಗಿಲ್ಲ. ಆ ಫೋನು ಕೆಟ್ಟಿರಲಿಲ್ಲ — ಬೀದರಿನ ನನ್ನ ಮನೆಯ ಕಪಾಟಿನಲ್ಲಿ, ಹಳೆಯ ಶಾಲಿನಲ್ಲಿ ಸುತ್ತಿಟ್ಟಿದ್ದೇನೆ. ತಿಂಗಳಿಗೊಮ್ಮೆ ತೆಗೆದು ಚಾರ್ಜ್ ಮಾಡುತ್ತೇನೆ, ಕೆಡದಿರಲಿ ಎಂದು.

ಇದನ್ನು ನಿನಗೊಬ್ಬಳಿಗೇ ಹೇಳಬಹುದಿತ್ತು. ಆದರೆ ನಾನು ನಿಮ್ಮವ್ವನ ಪುಸ್ತಕದ ಮುನ್ನುಡಿಯಲ್ಲಿ ಸುಳ್ಳು ಬರೆದದ್ದು ಎಲ್ಲರ ಮುಂದೆ. ಹಾಗಾಗಿ ಇದನ್ನೂ ಎಲ್ಲರೂ ಓದಲಿ. ನಿನಗೆ ಗೊತ್ತಿರುವುದನ್ನೂ ಇಲ್ಲಿ ಹೇಳಬೇಕಾಗುತ್ತದೆ, ಬೇಸರಿಸಬೇಡ.

ನಿಮ್ಮವ್ವ ಕಸ್ತೂರಬಾಯಿ ಬಸ್ ಕಂಡಕ್ಟರ್ ಆಗಿದ್ದರು. ನಾನು ಬೀದರಿನಿಂದ ಭಾಲ್ಕಿಗೆ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಲು ದಿನಾಲೂ ಹೋಗುತ್ತಿದ್ದುದು ಅವರ ಬಸ್ಸಿನಲ್ಲೇ. ಒಂದು ಬೆಳಿಗ್ಗೆ ಯಾರೋ ಒಬ್ಬ ದೊಡ್ಡ ಮನುಷ್ಯ, ಟಿಕೇಟು ಕೇಳಿದ್ದಕ್ಕೆ, "ನಾ ಯಾರ್ ಗೊತ್ತದೇನ್?" ಎಂದ. ನಿಮ್ಮವ್ವ ಚೀಲ ಏರಿಸಿಕೊಂಡು, "ಗೊತ್ತಿಲ್ರಿ. ನಿಮಗೂ ಗೊತ್ತಿದ್ದಂಗ ಇಲ್ಲ. ಊರ ಹೆಸರರೆ ಹೇಳ್ರಿ, ಅಲ್ಲಿ ಇಳದು ಕೇಳ್ರಿ" ಎಂದರು. ಇಡೀ ಬಸ್ಸು ನಕ್ಕಿತು. ಇಳಿಯುವಾಗ ನಾನು, ಇದನ್ನೆಲ್ಲ ಬರೀರಿ ಅಂದೆ. ಅವರು ಹೇಳಿದ್ದು — ಇದು ನನ್ನ ದಿನಚರಿಯಲ್ಲಿ ಅದೇ ದಿನದ ಪುಟದಲ್ಲಿದೆ, ಹಾಗಾಗಿ ನಂಬಬಹುದು — "ಬಸ್ಸಿಂದು ಯಾಕ್ ಬರೀಲಿ ಮೇಡಮ್? ಬರದ್ರ ಆಕಾಶದಾಗ ಓಡೋದು ಬರೀತೇನಿ. ಅಲ್ಲಿ ಡಿಪೋ ಮ್ಯಾನೇಜರ್ ಇರಲ್ಲ."

ಜಗದೇವಿ ಹುಟ್ಟಿದ್ದು ಹಾಗೆ. ನಕ್ಷತ್ರದಿಂದ ನಕ್ಷತ್ರಕ್ಕೆ ಮಂದಿಯನ್ನೂ ಸಾಮಾನನ್ನೂ ಸಾಗಿಸುವ 'ಮಾಂಜ್ರಾ' ಎಂಬ ತುಕ್ಕು ಹಿಡಿದ ಹಡಗಿನ ಕ್ಯಾಪ್ಟನ್. ಬಾಗಿಲು ಒದೆಯದೆ ಮುಚ್ಚದ ಹಡಗು. ಏಳು ಸೂರ್ಯರ ಬಾದಶಹ ಹತ್ತಿ ಎಲ್ಲರೂ ಎದ್ದು ನಿಂತು ಸಲಾಮು ಹೊಡೆಯಬೇಕೆಂದಾಗ ಅವಳು ಹೇಳುತ್ತಾಳೆ: "ಏ ಬಾದಶಾ, ಸುಮ್ನ ಸೀಟ್ ಹಿಡಿ. ಬ್ರೇಕ್ ಹೊಡ್ದಾಗ ಕಿರೀಟ ಬಿದ್ರ ನಂಗ ಕೇಳಬ್ಯಾಡ." ಮೂರು ತಲೆಯ ಪ್ರಾಣಿಯೊಂದು ಒಂದೇ ಟಿಕೇಟು ಸಾಕೆಂದು ವಾದಿಸಿದಾಗ: "ಜಗಳ ತೆಗಿಲಾಕ ಮೂರು ಬಾಯಿ, ಟಿಕೇಟಿಗಿ ಒಂದೇ ತಲಿ?"

ಆಮೇಲೆ ಅವರನ್ನು ಔರಾದ್ ಮಾರ್ಗಕ್ಕೆ ಹಾಕಿದರು. ನಮ್ಮ ಭೇಟಿ ತಪ್ಪಿತು. ಔರಾದ್ ಬಸ್ ನಿಲ್ದಾಣದಲ್ಲಿ ಒಂದು ಟ್ರಿಪ್ಪಿಗೂ ಇನ್ನೊಂದಕ್ಕೂ ನಡುವೆ ಸಿಗುವ ಅರ್ಧ ಗಂಟೆಯಲ್ಲಿ, ಖಾಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು, ಅವರು ಫೋನಿಗೆ ಕತೆ ಹೇಳಿ ನನಗೆ ಕಳಿಸತೊಡಗಿದರು. ಕಳಿಸಿದೊಡನೆ ತಮ್ಮ ಫೋನಿನಿಂದ ಅಳಿಸುತ್ತಿದ್ದರು — ಜಾಗ ಸಾಲುವುದಿಲ್ಲ ಎಂದು. ನಾನು ಮಧ್ಯಾಹ್ನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ನಿಲ್ಲಿಸಿ ನಿಲ್ಲಿಸಿ, ಒಂದೊಂದು ವಾಕ್ಯವನ್ನೂ ನಾಲ್ಕಾರು ಸಲ ಕೇಳಿ ಬರೆದುಕೊಳ್ಳುತ್ತಿದ್ದೆ. ನಿಮ್ಮವ್ವನ ದನಿಯನ್ನು ಅಷ್ಟು ಹತ್ತಿರದಿಂದ, ಅಷ್ಟು ಸಲ, ನೀನೂ ಕೇಳಿರಲಾರೆ. ಇದನ್ನು ಮರೆಯಬೇಡ. ಮುಂದೆ ಬೇಕಾಗುತ್ತದೆ.

ಬರೆದುಕೊಳ್ಳುತ್ತ ತಿದ್ದಿದೆ. ಬಾದಶಹನಿಗೆ ಜಗದೇವಿ, "ದಯವಿಟ್ಟು ಆಸೀನರಾಗಿ, ಪ್ರಭುಗಳೇ" ಎನ್ನುವಂತಾಯಿತು. ಪ್ರಕಾಶಕರು ಹಾಗೆ ಬಯಸಿದರು ಎಂದು ಬಹಳ ವರ್ಷ ನಂಬಿದ್ದೆ, ನಿನಗೂ ಹಾಗೇ ಹೇಳಿದ್ದೆ. ಮೊನ್ನೆ ದಿನಚರಿ ತೆಗೆದು ನೋಡಿದರೆ, ಅವರು ಕೇಳಿಯೇ ಇರಲಿಲ್ಲ. "ಈ ಭಾಷೆ ಯಾರಿಗೂ ತಿಳಿಯುವುದಿಲ್ಲ, ನಾನು ಸರಿಪಡಿಸಿಕೊಡುತ್ತೇನೆ" ಎಂದು ಹೇಳಿದವಳು ನಾನು. ನನ್ನದೇ ಕೈಬರಹ.

ಆದರೆ ನಾನು ಹೇಳಬೇಕಾದದ್ದು ಇದಲ್ಲ. ಇದನ್ನು ಹೇಳುತ್ತ ಕಾಲ ಕಳೆಯುತ್ತಿದ್ದೇನೆ.

ಕೊನೆಯ ಅಧ್ಯಾಯದಲ್ಲಿ 'ಮಾಂಜ್ರಾ' ಒಂದು ಸತ್ತ ಗ್ರಹದ ಮೇಲೆ ಇಳಿಯುತ್ತದೆ. ಅಲ್ಲಿ ಗಾಳಿಯಿಲ್ಲ, ಸದ್ದಿಲ್ಲ. ಬಂದವರ ದನಿಯನ್ನು ನುಂಗಿ ಬದುಕುವ ಗ್ರಹ ಅದು. ಪ್ರಯಾಣಿಕರು ಒಬ್ಬೊಬ್ಬರಾಗಿ ಮೂಕರಾಗುತ್ತಾರೆ. ನಿನ್ನ ದನಿ ಕೊಡು, ಅವರೆಲ್ಲರದನ್ನೂ ಬಿಡುತ್ತೇನೆ ಎಂದು ಗ್ರಹ ಜಗದೇವಿಯನ್ನು ಕೇಳುತ್ತದೆ. ನಿಮ್ಮವ್ವನ ಕತೆಯಲ್ಲಿ ಜಗದೇವಿ, "ತಗೋ. ಆದ್ರ ಅರ್ಧಾ ತಗೊಂಡು ಓಡಬ್ಯಾಡ, ಪೂರಾ ತಗೋಬೇಕು ನೋಡು" ಎಂದು ಬೈಯಲು ಶುರು ಮಾಡುತ್ತಾಳೆ. ಮೂರು ದಿನ ಬೈಯುತ್ತಾಳೆ. ನಾಲ್ಕನೆಯ ದಿನ ಗ್ರಹವೇ ಕೈಮುಗಿದು ಅವಳನ್ನು ಹೊರಗೆ ಹಾಕುತ್ತದೆ.

ಪುಸ್ತಕದಲ್ಲಿ ಹಾಗಿಲ್ಲ. ಪುಸ್ತಕದಲ್ಲಿ ಜಗದೇವಿ ತನ್ನ ದನಿಯನ್ನು ಕೊಟ್ಟುಬಿಡುತ್ತಾಳೆ. ಮೂಕಳಾಗಿ, ಎಲ್ಲರನ್ನೂ ಮನೆಗೆ ತಲುಪಿಸುತ್ತಾಳೆ. ಓದಿದವರು ಅತ್ತರು. ಆ ಅಂತ್ಯವನ್ನು ಬರೆದವಳು ನಾನು. ಪುಸ್ತಕ ಬರುವ ಹೊತ್ತಿಗೆ ನಿಮ್ಮವ್ವನ ಗಂಟಲಿನ ಆಪರೇಷನ್ ಆಗಿತ್ತು, ಹೈದರಾಬಾದಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಜನ ಅದನ್ನು ಇದಕ್ಕೆ ಕೂಡಿಸಿ ನೋಡಿದರು. ಲೇಖಕಿ ತನ್ನ ವಿಧಿಯನ್ನು ಮೊದಲೇ ಬರೆದಿಟ್ಟಿದ್ದಳು ಎಂದರು. ನಾನು ಮುನ್ನುಡಿಯಲ್ಲಿ, "ಲೇಖಕಿ ಹೇಳಿದಂತೆಯೇ ಅಂತ್ಯವನ್ನು ಉಳಿಸಿಕೊಂಡಿದ್ದೇನೆ" ಎಂದು ಬರೆದೆ.

ಬೀದರಿನಲ್ಲಿ ಬಿಡುಗಡೆಯ ದಿನ ವೇದಿಕೆಯ ಮೇಲೆ ಮೊದಲು ಬಾದಶಹನ ಪ್ರಸಂಗವನ್ನು, ಆಮೇಲೆ ಆ ಅಧ್ಯಾಯವನ್ನು ನಾನೇ ಓದಿದೆ. ನಿಮ್ಮವ್ವ ಪಕ್ಕದ ಕುರ್ಚಿಯಲ್ಲಿ, ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಕೂತಿದ್ದರು. ಓದುತ್ತ ಓದುತ್ತ ಒಮ್ಮೆ ತಿರುಗಿ ನೋಡಿದೆ. ಅವರ ತುಟಿ ಆಡುತ್ತಿತ್ತು. ಸಭೆಗೆ ಅದು ನನ್ನ ಓದಿನ ಜೊತೆಗೇ ಆಡಿದಂತೆ ಕಂಡಿರಬೇಕು. ಆದರೆ ಆ ಮಾತುಗಳನ್ನು ಸಾವಿರ ಸಲ ಕೇಳಿದವಳು ನಾನು — ತುಟಿಯಿಂದಲೇ ಗುರುತು ಹಿಡಿದೆ. ಅವರು ಬೈಯುತ್ತಿದ್ದರು. ಜಗದೇವಿಯ ಮೂರು ದಿನದ ಬೈಗುಳವನ್ನು, ಒಂದೂ ಬಿಡದೆ, ಸದ್ದಿಲ್ಲದೆ. ನಾನು ನಿಲ್ಲಿಸಿದೆ, ನೀರು ಕುಡಿದೆ. ತುಟಿ ನಿಲ್ಲಲಿಲ್ಲ. ಆ ನಿಶ್ಶಬ್ದದಲ್ಲಿ ನನಗೆ ಅವರ ದನಿ ಕೇಳಿಸಿತು — ಕೇಳಿಸಿತೇ? ಬರೆಯುವಾಗ ಕೈ ತಡೆಯುತ್ತದೆ. ಆದರೆ ಹೆಡ್‌ಫೋನ್ ಹಾಕಿದಾಗ ಕೇಳುವಷ್ಟೇ ಹತ್ತಿರ, ಎಡಗಿವಿಯ ಒಳಗೆ.

ಆಮೇಲೆ ನೀನು ಕೇಳಿದೆ. ಜನವಾಡದ ನಿಮ್ಮ ಮನೆಯಲ್ಲಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು.

"ಮೇಡಮ್, ಅವ್ವ ಹೇಳಿದ ಕತಿ ನಿಮ್ಮ ಫೋನಿನ್ಯಾಗ ಅವಲ್ರಿ? ನಮ್ಮ ಬಲ್ಲಿ ಏನೂ ಇಲ್ರಿ. ಮದವಿ ವಿಡಿಯೋದಾಗ ಬ್ಯಾಂಡಿನ ಗದ್ದಲದಾಗ ಅಕಿ ಮಾತೇ ಕೇಳ್ಸಲ್ಲ. ಈ ಕೂಸಿಗಿ ಆಯಿ ದನಿ ಹ್ಯಾಂಗ್ ಇತ್ತಂತ ತೋರಿಸ್ಬೇಕಲ್ರಿ."

"ಆ ಫೋನ್ ಕೆಟ್ಟ್ ಹೋಯ್ತವ್ವ," ಎಂದೆ. "ಎಲ್ಲಾ ಹೋದ್ವು."

ಅಂತ್ಯ ಬದಲಿಸಿದ್ದು ಬಯಲಾಗುತ್ತದೆಂದು ಹೆದರಿ ಸುಳ್ಳು ಹೇಳಿದೆ — ಇಷ್ಟೇ ಆಗಿದ್ದರೆ ಎಂದೋ ಒಪ್ಪಿಕೊಳ್ಳುತ್ತಿದ್ದೆ. ಅಲ್ಲ. ಆ ಸಂದೇಶಗಳನ್ನು ಮೊದಲಿನಿಂದ ಸಾಲಾಗಿ ಕೇಳಿದ ಯಾರಿಗಾದರೂ ತಿಳಿಯುವ ಸಂಗತಿಯೊಂದಿದೆ. ಹದಿನೇಳನೆಯದರಿಂದ ನಿಮ್ಮವ್ವನ ದನಿ ಒಡೆಯುತ್ತ ಬರುತ್ತದೆ. ಮೊದಲು ವಾಕ್ಯದ ತುದಿಯಲ್ಲಿ ಮಾತ್ರ. ಆಮೇಲೆ ನಗುವಾಗ. ಆಮೇಲೆ ನಗುವೇ ಇಲ್ಲ. ವಾರಗಟ್ಟಲೆ ನಾನದನ್ನು ಕೇಳಿದೆ, ನಿಲ್ಲಿಸಿ ನಿಲ್ಲಿಸಿ, ಒಂದೊಂದು ವಾಕ್ಯ ನಾಲ್ಕಾರು ಸಲ. ಅವರ ಬಸ್ಸಿನ ಮಂದಿಗೆ ಅದು ಬಸ್ಸಿನ ಗದ್ದಲ. ನಿನಗೆ ಅದು ದಣಿದ ತಾಯಿ. ನನಗೆ ಮಾತ್ರ ಬರೀ ದನಿ. ನಾನು ಟಿಪ್ಪಣಿ ಮಾಡಿಕೊಂಡೆ. ದಿನಚರಿಯಲ್ಲಿದೆ: "ಕ.ಬಾಯಿ ದನಿ ಒಡೆದಿದೆ. ವಿಚಿತ್ರ, ಹೊಳಪಿಲ್ಲದ ದನಿ. ಕೊನೆಯ ಅಧ್ಯಾಯಕ್ಕೆ ಒದಗೀತು. ಜಗದೇವಿ ಮಾತು ಕಳೆದುಕೊಂಡರೆ?"

ಅವರು ಇನ್ನೂ ಆಸ್ಪತ್ರೆಯ ಮೆಟ್ಟಿಲು ಹತ್ತಿರಲಿಲ್ಲ. ವಿಧಿಯನ್ನು ಮೊದಲೇ ಬರೆದವರು ಅವರಲ್ಲ.

ಇನ್ನೂ ಇದೆ. ಕೊನೆಯ ಸಂದೇಶಗಳಲ್ಲೊಂದರಲ್ಲಿ ಅವರು ಕತೆ ನಿಲ್ಲಿಸಿ ಕೆಮ್ಮಿ ಹೇಳುತ್ತಾರೆ: "ಜಗದೇವಿ ಬೈದ್ ಬೈದ್ ನನ್ನ ಗಂಟ್ಲ ಹರೀತು ನೋಡ್ರಿ ಮೇಡಮ್. ಜೇಷ್ಠಮಧು ಕಡದೆ, ಅರಿಶಿಣ ಹಾಲ್ ಕುಡದೆ, ಏನೂ ಆಗವಲ್ದು. ದವಾಖಾನಿಗಿ ಒಮ್ಮಿ ತೋರಿಸ್ಲೇನ್ರಿ? ಓದಿದವ್ರು ನೀವು, ಹೇಳ್ರಿ." ತೋರಿಸಿ, ಇವತ್ತೇ ತೋರಿಸಿ ಎಂದು ಉತ್ತರ ಕೊಟ್ಟದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು. ಆ ಉತ್ತರ ಬರೆಯುವಾಗ ಕಿಟಕಿಯಾಚೆ ಯಾರೋ ಕೌದಿ ಕೊಡವುತ್ತಿದ್ದುದೂ ನೆನಪಿತ್ತು. ನೀನು ನನ್ನನ್ನು ಕೇಳುವುದಕ್ಕೆ ಮೊದಲೇ ಒಮ್ಮೆ ಫೋನು ತೆಗೆದು ನೋಡಿದ್ದೆ. ಅವರ ಮಾತಿನ ಕೆಳಗೆ ನಾನು ಬರೆದದ್ದು ಹಾಗೇ ಕೂತಿದೆ: "ಕೊನೆಯ ಅಧ್ಯಾಯ ಮುಗಿಸಿಬಿಡಿ. ಆಮೇಲೆ ನೋಡೋಣ." ಅದರ ಕೆಳಗೆ ಅವರದು, ಮುಗಿದ ಕೈಗಳ ಒಂದು ಚಿತ್ರ.

ಮುಗಿಸಲು ಅವರಿಗೆ ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ಮೊದಲೇ ತೋರಿಸಿದ್ದರೆ ದನಿ ಉಳಿಯುತ್ತಿತ್ತೇ, ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂಬುದನ್ನು ಇಷ್ಟು ವರ್ಷ ದಿಂಬಿನಂತೆ ತಲೆಯ ಕೆಳಗೆ ಇಟ್ಟುಕೊಂಡಿದ್ದೆ. ಇನ್ನು ಇಟ್ಟುಕೊಳ್ಳಲಾರೆ.

ಹೋದ ವಾರ ನಿಮ್ಮ ಮನೆಗೆ ಬಂದಿದ್ದೆನಲ್ಲ. ನಿನ್ನ ಮಗಳು ಒಳಗೆ ತನ್ನ ಆಯಿ, ನಿಮ್ಮವ್ವನ ಜೊತೆ ಆಟವಾಡುತ್ತಿದ್ದಳು. ನಾನು ಹೊಸ್ತಿಲಲ್ಲೇ ನಿಂತೆ. ಒಳಗಿನಿಂದ ನನ್ನ ದನಿ ಬರುತ್ತಿತ್ತು. ನನ್ನಂತಹ ದನಿಯಲ್ಲ — ನನ್ನದೇ. ನಾನು ವಾಕ್ಯದ ನಡುವೆ ಉಸಿರು ಹಿಡಿಯುವ ರೀತಿ, 'ಷ'ವನ್ನು ಒತ್ತುವ ರೀತಿ. ಬಗ್ಗಿ ನೋಡಿದೆ. ನಿಮ್ಮವ್ವ ಮಂಚದ ಮೇಲೆ ಕೂತು ತುಟಿ ಆಡಿಸುತ್ತಿದ್ದರು, ಮಗು ಅವರ ಬೆನ್ನ ಹಿಂದೆ ಅಡಗಿ ಕೂತು ಆ ತುಟಿಗೆ ದನಿ ಕೊಡುತ್ತಿತ್ತು: "ದಯವಿಟ್ಟು ಆಸೀನರಾಗಿ, ಪ್ರಭುಗಳೇ." ನಿಮ್ಮವ್ವನ ಬಾಯಿ, ಅದರಿಂದ ನಾನು.

ನೀನು ಚಹಾ ತಂದು ನಕ್ಕೆ. "ನಿಮ್ಮ ಪುಸ್ತಕದ ಫಂಕ್ಷನ್ ವಿಡಿಯೋ ಅದಲ್ರಿ, ಅದರಾಗ ನೀವು ಓದೋ ಮುಂದ ಕ್ಯಾಮೆರಾ ಅವ್ವನ ಮಾರಿ ಮ್ಯಾಲೇ ಅದ. ತುಟಿ ಆಡ್ತಾವ, ನಿಮ್ಮ ದನಿ ಬರ್ತದ. ಆಯಿನೇ ಮಾತಾಡ್ಲತಾಳ ಅಂತ ತಿಳ್ಕೊಂಡಾಳ ಈಕಿ. ನಾನೂ ಅಲ್ಲ ಅನ್ನಲಿಲ್ಲ. ಹೋಗ್ಲಿ ಬಿಡ್ರಿ, ಏನರೆ ಒಂದು ದನಿ ಬೇಕಲ್ರಿ ಮಗೀಗಿ."

ನಾನು ಚಹಾ ಕುಡಿದೆ, ಸುಜಾತಾ. ಸಕ್ಕರೆ ಹೆಚ್ಚಾಗಿದೆ ಎಂದೆ. ನಿಮ್ಮವ್ವ ನನ್ನನ್ನೇ ನೋಡುತ್ತಿದ್ದರು, ತುಟಿ ಮುಚ್ಚಿಕೊಂಡು. ಅವರಿಗೆ ಎಲ್ಲ ಗೊತ್ತಿದೆ. ತಾವು ಏನು ಕೇಳಿದ್ದರು, ನಾನು ಏನು ಉತ್ತರಿಸಿದೆ, ಅವರಿಗಲ್ಲದೆ ಯಾರಿಗೆ ಗೊತ್ತು? ಅವರ ಬಳಿ ಪಾಟಿಯಿದೆ, ಬಳಪವಿದೆ; ಬರೆದು ನಿನಗೆ ತೋರಿಸಬಹುದಿತ್ತು. ಯಾಕೆ ತೋರಿಸಲಿಲ್ಲ? ನನ್ನನ್ನು ಉಳಿಸಲೆಂದೋ, ನಾನೇ ಹೇಳಲೆಂದೋ — ಇದನ್ನು ಊಹಿಸುವ ಹಕ್ಕು ನನಗಿಲ್ಲ. ಅವರ ಬಾಯಲ್ಲಿ ಮಾತು ತುಂಬುವುದನ್ನು ಇಲ್ಲಿಗೆ ನಿಲ್ಲಿಸುತ್ತೇನೆ.

ನಾಳೆ ಬೆಳಿಗ್ಗೆ ಜನವಾಡಕ್ಕೆ ಬರುತ್ತೇನೆ. ಫೋನನ್ನು ನಿನ್ನ ಕೈಗೆ ಕೊಡುತ್ತೇನೆ. ಒಂದು ಸಂದೇಶವನ್ನೂ ಅಳಿಸಿಲ್ಲ, ನನ್ನ ಉತ್ತರವನ್ನೂ ಅಳಿಸಿಲ್ಲ. ಅವರ ದನಿ ಒಡೆದದ್ದನ್ನು ಬರೆದಿಟ್ಟ ದಿನಚರಿಯ ಪುಟವನ್ನೂ ಹರಿದು ಫೋನಿನ ಜೊತೆ ಇಟ್ಟಿದ್ದೇನೆ. ಪ್ರಕಾಶಕರಿಗೂ ಬರೆದಿದ್ದೇನೆ: ಇನ್ನು ಮುಂದೆ ಆ ಪುಸ್ತಕ ಹಾಗೆ ಅಚ್ಚಾಗುವುದು ಬೇಡ, ಜಗದೇವಿ ಹೇಗೆ ಮಾತಾಡಿದಳೆಂಬುದನ್ನು ನಿಮ್ಮವ್ವನೇ ಕೂತು ತೀರ್ಮಾನಿಸಲಿ, ಅವರು ಬೇಡವೆಂದರೆ ಬೇಡ.

ಮೊದಲ ಹದಿನಾರನ್ನು ಮಗಳಿಗೆ ಕೇಳಿಸು. ಜೋರಾಗಿ ಕೇಳಿಸು. ಅವುಗಳಲ್ಲಿ ನಿಮ್ಮವ್ವ ಬಹಳ ನಗುತ್ತಾರೆ. ಹದಿನೇಳನೆಯದಕ್ಕೆ ಬಂದಾಗ ಮಗುವನ್ನು ಹೊರಗೆ ಆಡಲು ಕಳಿಸು, ನೀನು ಕೂತು ಕೇಳು. ನಾನು ಅಂಗಳದಲ್ಲಿ ಇರುತ್ತೇನೆ. ಕೇಳಿ ಮುಗಿದ ಮೇಲೆ ಏನು ಹೇಳಬೇಕೋ ಹೇಳು, ಹೇಳದಿದ್ದರೂ ಸರಿ. ನೀನು ಹೋಗೆನ್ನುವವರೆಗೂ ನಾನು ಎದ್ದು ಹೋಗುವುದಿಲ್ಲ.