ದೇವಳಾಲಿ ಕ್ಯಾಂಪಿನ ಮೇಲ್ಮಹಡಿ

2024ರ ಆಗಸ್ಟ್. ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದ ಬ್ಯಾಂಕ್ ಶಾಖೆಯೊಂದರಲ್ಲಿ ನಾನು ಸಾಲ ವಿಭಾಗದ ಅಧಿಕಾರಿ. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿದ್ದವು. ನಾನು ಕಲಬುರಗಿಯವನೆಂದು ಗೊತ್ತಾದ ಮೇಲೆ ಕನ್ನಡ ಮಾತಾಡುವ ಗ್ರಾಹಕರು ಬೇರೆ ಕೌಂಟರ್ ಖಾಲಿಯಿದ್ದರೂ ನನ್ನ ಮೇಜಿಗೇ ಬರುತ್ತಿದ್ದರು.

ಹಾಗೆ ಮಗಳ ಶಿಕ್ಷಣ ಸಾಲಕ್ಕೆಂದು ಬಂದವರು ಶಿವರಾಜಪ್ಪ. ಬೀದರ ಜಿಲ್ಲೆಯವರು, ಹತ್ತಿರದ ವೈಜಾಪುರದಲ್ಲಿ ಪಾತ್ರೆ ಅಂಗಡಿ. ಮಗಳು ಅಕ್ಷತಾಳಿಗೆ ನಾಶಿಕ್‌ನಲ್ಲಿ ಆರ್ಕಿಟೆಕ್ಚರ್ ಸೀಟು ಸಿಕ್ಕಿತ್ತು, ಆದರೆ ಹಾಸ್ಟೆಲ್ ಭರ್ತಿ. ಎರಡು ವಾರ ಮನೆ ಹುಡುಕಿ ಅವರ ಚಪ್ಪಲಿ ಸವೆದಿತ್ತು. ಒಂದು ಬೆಡ್‌ರೂಮಿನ ಫ್ಲ್ಯಾಟಿಗೇ ತಿಂಗಳಿಗೆ ಒಂಬತ್ತು ಸಾವಿರ. ಸೋಮವಾರದೊಳಗೆ ಮನೆ ಸಿಗದಿದ್ದರೆ ಸೀಟು ಬಿಟ್ಟು ವೈಜಾಪುರದಲ್ಲೇ ಬಿ.ಕಾಂ.ಗೆ ಹಾಕುತ್ತೇನೆಂದರು. ಪಕ್ಕದಲ್ಲಿದ್ದ ಅಕ್ಷತಾಳ ಕಣ್ಣು ತುಂಬಿತು.

ಅವರು ಹೋದ ಮೇಲೆ ಫೈಲು ಜೋಡಿಸುವಾಗ ನನಗೆ ಥಟ್ಟನೆ ಹೊಳೆಯಿತು. ಅದೇ ಕಾಲೇಜಿನ ಇನ್ನೆರಡು ಅರ್ಜಿ ನನ್ನ ಕಪಾಟಿನಲ್ಲೇ ಇದ್ದವು! ಒಬ್ಬಳು ಇದೇ ಜಿಲ್ಲೆಯ ‘ಕನ್ನಡ’ ಎಂಬ ಹೆಸರಿನ ತಾಲ್ಲೂಕು ಪಟ್ಟಣದವಳು, ಇನ್ನೊಬ್ಬಳು ನಗರದವಳೇ. ಮೂವರೂ ಒಂಟಿಯಾಗಿ ಮನೆ ಹುಡುಕುತ್ತಿದ್ದರು; ಸೇರಿ ಒಂದೇ ಮನೆ ಹಿಡಿದರೆ ಬಾಡಿಗೆ ಮೂರು ಪಾಲಾಗುತ್ತಿತ್ತು. ಒಬ್ಬ ಗ್ರಾಹಕರ ವಿಷಯ ಇನ್ನೊಬ್ಬರಿಗೆ ಹೇಳುವಂತಿಲ್ಲವಾದ್ದರಿಂದ ಮೂರೂ ಮನೆಗೆ ಫೋನ್ ಮಾಡಿ ಮೊದಲು ಒಪ್ಪಿಗೆ ಕೇಳಿದೆ. ಸಂಜೆಯೊಳಗೆ ಎಲ್ಲರೂ ಹೂಂ ಅಂದರು. ಆ ಖುಷಿಯಲ್ಲಿ ಊಟದ ಡಬ್ಬಿ ತೆರೆಯುವುದನ್ನೇ ಮರೆತಿದ್ದೆ.

ನಾಶಿಕ್ ಪಕ್ಕದ ಸೇನಾ ಪ್ರದೇಶ ದೇವಳಾಲಿ ಕ್ಯಾಂಪಿನಲ್ಲಿ ನಿವೃತ್ತ ಸುಬೇದಾರರೊಬ್ಬರ ಪತ್ನಿ ಶಾಲಿನಿಬಾಯಿಯವರ ಮೇಲ್ಮಹಡಿ ಖಾಲಿ ಇದೆಯೆಂದು ನಾಶಿಕ್‌ನ ಸಹೋದ್ಯೋಗಿ ತಿಳಿಸಿದರು. ಎರಡು ಬೆಡ್‌ರೂಮು, ಬಾಡಿಗೆ ಹನ್ನೆರಡು ಸಾವಿರ. ಭಾನುವಾರ ಮೂವರು ಹುಡುಗಿಯರು, ಮೂವರು ತಂದೆಯರು, ಜೊತೆಗೆ ನಾನು, ಹೆಣ್ಣು ನೋಡಲು ಹೊರಟವರಂತೆ ರೈಲು ಹತ್ತಿದೆವು.

ಶಾಲಿನಿಬಾಯಿಯವರ ಮನೆಯಲ್ಲಿ ಗಂಡಸರೆಲ್ಲ ಸೋಫಾದಲ್ಲಿ ಕೂತೆವು, ಹುಡುಗಿಯರು ಬಾಗಿಲಲ್ಲಿ ನಿಂತರು. ಅಡುಗೆ ಯಾರು ಮಾಡುತ್ತಾರೆಂದು ಶಾಲಿನಿಬಾಯಿ ಕೇಳಿದರೆ ಒಬ್ಬ ತಂದೆ ಉತ್ತರ ಕೊಟ್ಟರು. ಎಷ್ಟು ಹೊತ್ತಿಗೆ ಬರುತ್ತಾರೆಂದರೆ ಇನ್ನೊಬ್ಬರು. ನಾನೇನು ಕಡಿಮೆ? ಬ್ಯಾಂಕಿನ ಗುರುತಿನ ಚೀಟಿ ತೋರಿಸಿ ಹುಡುಗಿಯರ ಅಂಕ ಹೇಳತೊಡಗಿದೆ. ಶಿವರಾಜಪ್ಪ ಪ್ರತಿ ಭಾನುವಾರ ತಾವೇ ಬಂದು ನೋಡಿಕೊಂಡು ಹೋಗುವುದಾಗಿ ಭರವಸೆ ಕೊಟ್ಟರು.

ಶಾಲಿನಿಬಾಯಿ ಮೇಜಿನ ಮೇಲಿಟ್ಟಿದ್ದ ಮೇಲ್ಮಹಡಿಯ ಕೀಲಿಕೈ ತಮ್ಮ ಹತ್ತಿರ ಎಳೆದುಕೊಂಡು, “ಘರಾತ್ ರಾಹಣಾರ್ ಕೋಣ್? ಮುಲೀ ಕೀ ತುಮ್ಹೀ?” ಎಂದರು. ಮನೆಯಲ್ಲಿ ಇರುವವರು ಹುಡುಗಿಯರೋ, ನೀವೋ?

ನಾನು ಗುರುತಿನ ಚೀಟಿಯನ್ನು ಜೇಬಿಗೆ ಹಾಕಿಕೊಂಡೆ. ಶಿವರಾಜಪ್ಪ ಮುಖ ಕೆಂಪಗೆ ಮಾಡಿಕೊಂಡು ಎದ್ದೇಬಿಟ್ಟರು. ಆಗ ಅಕ್ಷತಾ ಮುಂದೆ ಬಂದಳು. ಮರಾಠಿಯಲ್ಲೇ ಬೆಳೆದ ಹುಡುಗಿ, ಕನ್ನಡ ಹುಡುಕಿ ಹುಡುಕಿ ಆಡಿದಳು.

“ಅಪ್ಪಾ, ನೀವು ಎಲ್ಲಾರೂ ಜರಾ ಹೊರಗ ನಿಲ್ರಿ. ನಾವು ಮಾತಾಡ್ತೀವಿ.”

ಗೇಟಿನ ಹತ್ತಿರ ನಾಲ್ವರೂ ಅರ್ಧ ಗಂಟೆ ನಿಂತೆವು. ಒಳಗಿಂದ ಒಮ್ಮೆ ಜೋರು ನಗು ಕೇಳಿತು. ನನ್ನ ಮಗಳ ರಿಸಲ್ಟಿಗೂ ನಾನು ಅಷ್ಟು ಚಡಪಡಿಸಿರಲಿಲ್ಲ. ಕೊನೆಗೆ ಮೂವರೂ ಕೀಲಿಕೈ ಎತ್ತಿ ತೋರಿಸುತ್ತ ಓಡಿಬಂದರು! ಬಾಡಿಗೆ ಹತ್ತೂವರೆ ಸಾವಿರಕ್ಕೆ ಇಳಿಸಿದ್ದರು. ಎರಡು ತಿಂಗಳ ಡಿಪಾಜಿಟ್ಟನ್ನು ಒಂದಕ್ಕೆ ತಂದಿದ್ದರು. ಮಹಾರಾಷ್ಟ್ರದಲ್ಲಿ ‘ಲೀವ್ ಆ್ಯಂಡ್ ಲೈಸೆನ್ಸ್’ ಎನ್ನುವ ಹನ್ನೊಂದು ತಿಂಗಳ ಬಾಡಿಗೆ ಕರಾರು ಹುಡುಗಿಯರ ಹೆಸರಲ್ಲೇ ಆಗಬೇಕೆಂದು ಶಾಲಿನಿಬಾಯಿ ಷರತ್ತು ಹಾಕಿದ್ದರು. ಅಕ್ಷತಾ ಸೋಮವಾರವೇ ಕಾಲೇಜು ಸೇರಿದಳು.

ಆ ಭಾನುವಾರ ರೈಲಿನಲ್ಲಿ ವಾಪಸು ಬರುವಾಗ ಶಿವರಾಜಪ್ಪ ನನ್ನ ಪಕ್ಕಕ್ಕೆ ಬಂದು ಕೂತರು. ಆಮೇಲೆ ಮೆಲ್ಲಗೆ ಕೇಳಿದರು: “ಸಾಹೇಬ್ರ, ಸಾಲದ ಅರ್ಜಿಯಾಗ ಮೊದಲ ಹೆಸರು ಆಕಿದ ಅದ ಅಲ್ರಿ? ನಂದು ಎರಡನೇದು.”

ಹೌದು ಎಂದೆ. ಶಿಕ್ಷಣ ಸಾಲದಲ್ಲಿ ಸಾಲಗಾರ ವಿದ್ಯಾರ್ಥಿ. ಪಾಲಕರು ಸಹ-ಸಾಲಗಾರರು ಮಾತ್ರ. ಮೂವತ್ತು ವರ್ಷ ಆ ಫಾರ್ಮು ತುಂಬಿಸಿದವನು ನಾನು, ಆದರೂ ಮಾತಾಡಿದ್ದೆಲ್ಲ ಎರಡನೇ ಹೆಸರಿನವರ ಜೊತೆ. ನಾಚಿಕೆಯಾಯಿತು. ಮರುದಿನದಿಂದ ಶಿಕ್ಷಣ ಸಾಲಕ್ಕೆ ಯಾರೇ ಬಂದರೂ ತಂದೆಯ ಕೈಗೆ ಚಹಾ ಕೊಡಿಸಿ, ಪ್ರಶ್ನೆಗಳನ್ನು ಮಕ್ಕಳಿಗೇ ಕೇಳತೊಡಗಿದೆ.